ಕಪ್ಪು ಕಲ್ಲಿನ ಬಾವಿ, ಸೊಂಟದ ಹಗ್ಗ

ಜಮಖಂಡಿಯಿಂದ ಕೃಷ್ಣೆಯ ಕಡೆಗೆ ಹೊರಟ ದಾರಿ. ಏಪ್ರಿಲ್ ತಿಂಗಳ ಬಿಸಿಲು ಆಗಲೇ ಕಬ್ಬಿನ ತೋಟಗಳ ಮೇಲೆ ಏರಿ ನಿಂತಿದೆ. ದಾರಿಯ ಬದಿಯ ತೋಟವೊಂದರಲ್ಲಿ, ಬೇವಿನ ಮರದ ನೆರಳಿನಲ್ಲಿ, ಚೌಕಾಕಾರದ ದೊಡ್ಡದೊಂದು ಬಾವಿ. ಅದರ ಗೋಡೆಯನ್ನು ಯಾರೂ ಕಟ್ಟಿದ್ದಲ್ಲ. ನೆಲದೊಳಗಿನ ಕಪ್ಪು ಬಂಡೆಯನ್ನೇ ಕಡಿದು ಇಳಿಸಿದ್ದು. ಒಂದು ಮೂಲೆಯಿಂದ ಪಾವಟಿಗೆಗಳು ಇಳಿದು ನೀರನ್ನು ಮುಟ್ಟುತ್ತವೆ. ದಂಡೆಯ ಮೇಲೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ನಿಂತಿದ್ದಾನೆ. ಬೆನ್ನಿಗೆ ಬೆಂಡಿನ ಕಟ್ಟು, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮುದುಕನೊಬ್ಬನ ಕೈಯಲ್ಲಿದೆ.

“ಯಜ್ಜಾ, ಹಗ್ಗ ಬಿಡಬ್ಯಾಡ ಮತ್ತ!”

“ನಾ ಯಾಕ ಬಿಡ್ಲೋ ತಮ್ಮಾ? ನೀ ಜಿಗಿ. ಹಗ್ಗ ನನ್ನ ಕೈಯಾಗೈತಿ.”

ಹುಡುಗ ಕಣ್ಣು ಮುಚ್ಚಿ ಜಿಗಿಯುತ್ತಾನೆ. ನೀರು ಸಿಡಿದು ಕಪ್ಪು ಗೋಡೆಯನ್ನು ತೋಯಿಸುತ್ತದೆ. ಒಂದು ಕ್ಷಣ ಹುಡುಗನೂ ಇಲ್ಲ, ಸದ್ದೂ ಇಲ್ಲ. ಮುದುಕನ ಬೆರಳುಗಳು ಮಾತ್ರ ಹಗ್ಗದ ಎಳೆತವನ್ನು ಅಳೆಯುತ್ತಿರುತ್ತವೆ. ಮರುಕ್ಷಣದಲ್ಲಿ ತಲೆಯೊಂದು ಮೇಲೆದ್ದು, ಕೆಮ್ಮಿ, ನಕ್ಕು, “ಇನ್ನೊಮ್ಮೆ!” ಎನ್ನುತ್ತದೆ.

ಕೃಷ್ಣಾ ಘಟಪ್ರಭೆಗಳ ನಡುವಣ ಈ ಸೀಮೆಯಲ್ಲಿ ಈಜು ಕಲಿಸುವ ಪಾಠಶಾಲೆ ತಲೆತಲಾಂತರದಿಂದ ಹೀಗೆಯೇ ನಡೆದುಬಂದಿದೆ. ಪಟವರ್ಧನ ಅರಸರ ಅರಮನೆಯನ್ನೋ ರಬಕವಿಯ ಮಗ್ಗಗಳನ್ನೋ ನೋಡಲು ಬಂದ ಪ್ರವಾಸಿಯ ಕಣ್ಣಿಗೆ ಇಂಥ ಬಾವಿ ಬೀಳುವುದು ಅಪರೂಪ. ಬಿದ್ದರೂ ಅದು ಹಳ್ಳಿಯ ಹುಡುಗರ ಬೇಸಿಗೆಯಾಟ ಎಂದು ಮುಂದೆ ಸಾಗುತ್ತಾನೆ. ಆದರೆ ಒಂದು ಗಳಿಗೆ ನಿಂತು ನೋಡಿದವನಿಗೆ ಆ ಬಾವಿಯಲ್ಲಿ ಎರಡು ಸಂಗತಿಗಳು ಕಾಣುತ್ತವೆ. ಆ ಗೋಡೆಯ ಕಲ್ಲು ಒಮ್ಮೆ ಹೊಳೆಯಂತೆ ಹರಿದ ಬೆಂಕಿ. ಆ ಹುಡುಗನ ಸೊಂಟದ ಹಗ್ಗವೋ, ಜಗತ್ತಿನ ಅತ್ಯಂತ ಅಪಾಯದ ಜಲವಿದ್ಯೆಯೊಂದಕ್ಕೆ ಮೊದಲ ಪಾಠ.

ಕಲ್ಲಾದ ಬೆಂಕಿ

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು ಲಾವಾರಸ ಹೊರಹೊಮ್ಮಿತು. ಅದು ಒಂದು ಸಲ ಉಕ್ಕಿ ನಿಂತುದಲ್ಲ. ಒಂದು ಪದರ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಎಂಬಂತೆ ಹಾಸಿಕೊಂಡು, ಇಂದಿನ ಮಹಾರಾಷ್ಟ್ರದ ಬಹುಭಾಗವನ್ನೂ ಅದರಾಚೆಯ ನೆಲವನ್ನೂ ಮುಚ್ಚಿತು. ಈಗ ಉಳಿದಿರುವ ಹಾಸೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಅದರ ದಕ್ಷಿಣದ ಸೆರಗು ಬಂದು ಮುಗಿಯುವುದು ಈ ಸೀಮೆಯಲ್ಲಿ. ಕೃಷ್ಣೆಯ ಮಗ್ಗುಲಲ್ಲಿ ಕಪ್ಪು ಬಸಾಲ್ಟು. ಮುಧೋಳ ಲೋಕಾಪುರಗಳ ಕಡೆಗೆ ನಡೆದರೆ ಲಾವಾಕ್ಕಿಂತ ಬಹು ಪುರಾತನವಾದ ಕಲಾದಗಿಯ ಶಿಲೆಗಳು, ಅವುಗಳ ನಡುವೆ ಸುಣ್ಣಗಲ್ಲು. ಒಂದೇ ದಿನದ ಪ್ರಯಾಣದಲ್ಲಿ ಭೂಮಿಯ ಎರಡು ಯುಗಗಳನ್ನು ತುಳಿಯಬಹುದು.

ಬಾವಿಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಲ್ಲಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಗುರುತು ಕಾಣುತ್ತದೆ. ಲಾವಾ ಆರುವಾಗ ಒಳಗಿದ್ದ ಅನಿಲ ಬಿಟ್ಟುಹೋದ ಗೂಡುಗಳಿವು. ಕೆಲವು ಗೂಡುಗಳಲ್ಲಿ ಬಿಳಿಯ ಹರಳು ತುಂಬಿದೆ. ಈ ಕಲ್ಲು ಸವೆದು ಹುಡಿಯಾದುದೇ ಇಲ್ಲಿನ ಎರೆಮಣ್ಣು.

ಹರಿಯುವ ಲಾವಾಕ್ಕೆ ಒಂದು ವಿಚಿತ್ರ ಗುಣವುಂಟು. ಕಾಯಿಸಿದ ಹಾಲು ಆರುವಾಗ ಕೆನೆಗಟ್ಟುವಂತೆ ಅದರ ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ರಸ ಬಿಸಿಯಾಗಿಯೇ ಉಳಿದು ಹರಿಯುತ್ತಿರುತ್ತದೆ. ಮೂಲದಲ್ಲಿ ಉಕ್ಕು ನಿಂತಾಗ ಒಳಗಿನ ರಸವೆಲ್ಲ ಇಳಿದುಹೋಗಿ, ಮೇಲಿನ ತೊಗಟೆ ಮಾತ್ರ ಉಳಿದು, ಉದ್ದವಾದ ಸುರಂಗವಾಗುತ್ತದೆ. ಇದೇ ಲಾವಾ ಸುರಂಗ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮುಳುಗುಗಾರರು ಈಜಿ ಹೋಗುವಂಥ ಸುರಂಗವಿಲ್ಲ. ಕೋಟಿಗಟ್ಟಲೆ ವರ್ಷಗಳ ಮುದಿ ಲಾವಾದಲ್ಲಿ ಇಂಥ ಪೊಳ್ಳುಗಳು ಕುಸಿದೋ ಹೂತೋ ಹೋಗುವುದು ಸಹಜ. ಎಳೆಯ ಜ್ವಾಲಾಮುಖಿಗಳ ದ್ವೀಪಗಳಲ್ಲಿ ಮಾತ್ರ ಅವು ಇನ್ನೂ ಬಾಯ್ತೆರೆದುಕೊಂಡಿವೆ.

ಆಫ್ರಿಕದ ಕರಾವಳಿಗೆ ಸಮೀಪವಾಗಿ, ಸ್ಪೇನ್ ದೇಶಕ್ಕೆ ಸೇರಿದ ಲಾಂಜರೋಟೆ ಎಂಬ ದ್ವೀಪವಿದೆ. ಅಲ್ಲಿನ ಕೊರೋನಾ ಜ್ವಾಲಾಮುಖಿ ಸುಮಾರು 20 ಸಾವಿರ ವರ್ಷಗಳ ಹಿಂದೆ ಉಕ್ಕಿದಾಗ ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಒಣನೆಲದ ಮೇಲೆ ಹರಿದು ಸುರಂಗವಾದ ಲಾವಾದ ಕೊನೆಯ ಭಾಗ, ಹಿಮಯುಗ ಕಳೆದು ಕಡಲೇರಿದಾಗ ನೀರಿನೊಳಗಾಯಿತು. ಹೀಗೆ ಮುಳುಗಿದ ಭಾಗವೇ ಸುಮಾರು 1,600 ಮೀಟರು. ಅದಕ್ಕೆ ಅಟ್ಲಾಂಟಿಸ್ ಸುರಂಗವೆಂದು ಹೆಸರು. ಅದರ ಕೊನೆ ಸಮುದ್ರಮಟ್ಟದಿಂದ ಸುಮಾರು 64 ಮೀಟರು ಆಳದಲ್ಲಿದೆ, ಆಚೆಗೆ ದಾರಿಯಿಲ್ಲ. ಒಳಹೊಕ್ಕವನು ಹೊಕ್ಕ ದಾರಿಯಲ್ಲಿಯೇ ಹಿಂದಿರುಗಬೇಕು.

ಮಾಳಿಗೆಯುಳ್ಳ ನೀರು

ಬಾವಿಗೂ ಸುರಂಗಕ್ಕೂ ಇರುವ ಭೇದ ಇಲ್ಲಿಯೇ. ಬಾವಿಗೆ ಆಕಾಶವುಂಟು, ಸುರಂಗಕ್ಕೆ ಮಾಳಿಗೆಯುಂಟು. ಬಯಲು ಕಡಲಿನಲ್ಲಿ ಮುಳುಗಿದವನಿಗೆ ತೊಂದರೆಯಾದರೆ ಮೆಲ್ಲಗೆ ಮೇಲೇರಿದರಾಯಿತು, ಗಾಳಿಯಿದೆ. ಸುರಂಗದಲ್ಲಿ ಮೇಲೇರಿದವನ ತಲೆಗೆ ತಾಗುವುದು ಕಲ್ಲು. ಅವನ ಆಕಾಶ ಅವನ ಬೆನ್ನ ಹಿಂದೆ, ನೂರಾರು ಮೀಟರು ದೂರದಲ್ಲಿದೆ.

ನೀರಿನೊಳಗಿನ ಗಾಳಿಯ ಲೆಕ್ಕವೂ ನೆಲದ ಲೆಕ್ಕದಂತಲ್ಲ. ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಂತೆ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಬೇಕು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದರೆ ಅದು ಸುಮಾರು 2,400 ಲೀಟರಾಗುತ್ತದೆ. ಮಿನಿಟಿಗೆ 20 ಲೀಟರಿನಂತೆ ಉಸಿರಾಡುವವನಿಗೆ ನೀರಿನ ಮೇಲ್ಮಟ್ಟದಲ್ಲಿ ಅದು 120 ಮಿನಿಟು ಬಂದೀತು. 10 ಮೀಟರಿನಲ್ಲಿ 60 ಮಿನಿಟು, 20 ಮೀಟರಿನಲ್ಲಿ 40, 30 ಮೀಟರಿನಲ್ಲಿ ಬರಿಯ 30. ಹೆದರಿ ಏದುಸಿರು ಬಿಡುವವನಿಗೆ ಅದರ ಅರ್ಧವೂ ಬಾರದು. 30 ಮೀಟರಿನ ಆಚೆಗೆ ಗಾಳಿಯೊಳಗಿನ ಸಾರಜನಕವೇ ಅಮಲಿನಂತೆ ತಲೆಗೇರತೊಡಗುತ್ತದೆ. ಕೂಡುವ ಕಳೆಯುವ ಬುದ್ಧಿ ಮಂಕಾಗುತ್ತದೆ. ಲೆಕ್ಕ ಅತ್ಯಗತ್ಯವಾದ ಜಾಗದಲ್ಲಿಯೇ ಲೆಕ್ಕ ತಪ್ಪುವುದು ನೀರಿನ ಕುಹಕ.

ಲಾವಾ ಸುರಂಗಕ್ಕೆ ಅದರದೇ ಆದ ತೊಡಕುಗಳೂ ಇವೆ. ಗೋಡೆಗಳು ಗಾಜಿನ ಚೂರಿನಂತೆ ಹರಿತ. ಮೈಗೂ ನಳಿಕೆಗೂ ದಾರಕ್ಕೂ ಕೊಯ್ಯುವ ಭಯ. ಮುಳುಗುಗಾರ ಬಿಟ್ಟ ಉಸಿರಿನ ಗುಳ್ಳೆಗಳು ಮಾಳಿಗೆಗೆ ಬಡಿದು ಸಡಿಲಾದ ಕಲ್ಲನ್ನು ಬೀಳಿಸಬಲ್ಲವು. ದಾರಿ ಕವಲೊಡೆಯುತ್ತದೆ. ಹವಾಯಿ ದ್ವೀಪಗಳಲ್ಲಿರುವಂಥ ದಂಡೆಯ ಹತ್ತಿರದ ಗಿಡ್ಡ ಸುರಂಗಗಳಲ್ಲಿ ಕಡಲಿನ ಅಲೆ ಒಳನುಗ್ಗಿ, ಈಜುವವನನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ಆಚೆಯ ಬಾಯಿಯ ಬೆಳಕು ಕಾಣುವ ತನಕ ಅದೊಂದು ವಿನೋದ. ಬೆಳಕು ಕಾಣದ ತಿರುವಿನಿಂದಾಚೆಗೆ ವಿನೋದ ಮುಗಿಯಿತು.

ಲೆಕ್ಕದ ಮೇಷ್ಟರ ಐದು ಮಾತು

ಅಮೆರಿಕದ ಫ್ಲಾರಿಡದಲ್ಲಿ ಶೆಕ್ ಎಕ್ಸ್ಲೀ ಎಂಬ ಹೈಸ್ಕೂಲು ಗಣಿತದ ಅಧ್ಯಾಪಕನಿದ್ದ. ನೀರು ತುಂಬಿದ ಗುಹೆಗಳಲ್ಲಿ ಸತ್ತವರ ಒಂದೊಂದು ಪ್ರಕರಣವನ್ನೂ ಆತ ಲೆಕ್ಕದ ತಪ್ಪು ಹುಡುಕುವಂತೆ ಬಿಡಿಸಿ ನೋಡಿದ. ಸಾವುಗಳು ನೂರಾರು, ತಪ್ಪುಗಳು ಮಾತ್ರ ಕೆಲವೇ. ಅವನು 1979ರಲ್ಲಿ ಪ್ರಕಟಿಸಿದ ಕಿರುಪುಸ್ತಕದಿಂದ ಬೆಳೆದು ಬಂದ ನಿಯಮಗಳನ್ನು ಇಂದಿಗೂ ಗುಹೆಯ ಮುಳುಗುಗಾರರು ಪಾಠ ಒಪ್ಪಿಸುತ್ತಾರೆ.

ಒಂದು: ಗುಹೆಗೆಂದೇ ಇರುವ ಶಿಕ್ಷಣ ಪಡೆಯದೆ ಗುಹೆಯನ್ನು ಹೊಗಬಾರದು. ಎರಡು: ಹೊರಗಿನ ಬಯಲು ನೀರಿನಿಂದ ಒಳಗಿನ ತುದಿಯವರೆಗೆ ಎಲ್ಲಿಯೂ ಕಡಿಯದ ದಾರವಿರಬೇಕು. ಮೂರು: ಗಾಳಿಯಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಇನ್ನೊಂದು ಪಾಲು ಬರುವುದಕ್ಕೆ, ಮಿಕ್ಕ ಪಾಲು ಆಪತ್ತಿಗೆ. ನಾಲ್ಕು: ತನ್ನ ಕಲಿಕೆಗೂ ತನ್ನ ಗಾಳಿಗೂ ತಕ್ಕ ಆಳವನ್ನು ಮೀರಬಾರದು. ಐದು: ಒಬ್ಬೊಬ್ಬನ ಬಳಿಯೂ ಕನಿಷ್ಠ ಮೂರು ದೀಪಗಳಿರಬೇಕು.

ಮೂರನೆಯ ನಿಯಮದ ಗುಟ್ಟು ತಿಳಿಯತಕ್ಕದ್ದು. ಆಪತ್ತಿನ ಆ ಮೂರನೆಯ ಪಾಲು ತನಗಾಗಿ ಇಟ್ಟುಕೊಂಡದ್ದಲ್ಲ. ಸುರಂಗದ ತೀರ ತುದಿಯಲ್ಲಿ ಜೊತೆಗಾರನ ಗಾಳಿ ನಿಂತುಹೋಯಿತೆನ್ನಿ. ಆಗ ಇವನ ಬಳಿ ಉಳಿದ ಎರಡು ಪಾಲು ಇಬ್ಬರೂ ಹೊರಗೆ ಬರುವುದಕ್ಕೆ ಸರಿಯಾಗಿ ಸಾಕು. ಒಂದು ಉಸಿರೂ ಹೆಚ್ಚಿಲ್ಲ. ಒಬ್ಬನು ಆಸೆಗೆ ಬಿದ್ದು ನಾಲ್ಕು ಮಾರು ಮುಂದೆ ಹೋದರೆ, ಜೊತೆಯವನ ಗಂಟಿಗೆ ಕೈ ಹಾಕಿದಂತೆಯೇ ಸರಿ.

ಇಷ್ಟೆಲ್ಲ ಬರೆದ ಎಕ್ಸ್ಲೀ 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಜಕಾತೋನ್ ಎಂಬ ಅಗಾಧ ಮಡುವಿನಲ್ಲಿ, ಆಳದ ದಾಖಲೆಯೊಂದನ್ನು ಸಾಧಿಸಹೋಗಿ ತೀರಿಕೊಂಡ. ನಿಯಮ ಬರೆದವನೆಂದು ನೀರು ಅವನನ್ನು ಬೇರೆಯಾಗಿ ನೋಡಲಿಲ್ಲ.

ರಬಕವಿಯ ನೂಲು

ಜಮಖಂಡಿಯಿಂದ ಪಶ್ಚಿಮಕ್ಕೆ ಹೋದರೆ ರಬಕವಿ ಮತ್ತು ಬನಹಟ್ಟಿ. ಅವಳಿ ಊರುಗಳು, ಒಂದೇ ನಗರಸಭೆಯ ಹೆಸರಿನಲ್ಲಿ ಬೆಸೆದುಕೊಂಡಿವೆ. ಓಣಿ ಓಣಿಯಲ್ಲಿಯೂ ಮಗ್ಗಗಳ ಖಟಪಟ. ಲಾಳಿ ಅತ್ತಿಂದಿತ್ತ ಓಡಿದಂತೆ ಹಾಸಿನ ಮೇಲೆ ಹೊಕ್ಕು ಬಿದ್ದು ಸೀರೆ ಬೆಳೆಯುತ್ತದೆ. ಎಳೆ ಕಡಿದರೆ ನೇಕಾರ ಮಗ್ಗ ನಿಲ್ಲಿಸುತ್ತಾನೆ. ಕಡಿದ ತುದಿಯನ್ನು ಹುಡುಕಿ, ಗಂಟಿಕ್ಕಿ, ಆಮೇಲೆಯೇ ಮುಂದಿನ ಎಳೆ. ಕಡಿದದ್ದನ್ನು ಹಾಗೆಯೇ ಬಿಟ್ಟು ನೇಯ್ದರೆ ಆ ದೋಷ ಸೀರೆಯ ಉದ್ದಕ್ಕೂ ಹೋಗುತ್ತದೆಂದು ಅಲ್ಲಿನ ಮಕ್ಕಳಿಗೂ ಗೊತ್ತು.

ಕನ್ನಡದಲ್ಲಿ ಸೂತ್ರವೆಂದರೆ ನೂಲೂ ಹೌದು, ನಿಯಮವೂ ಹೌದು. ಗುಹೆಯ ಮುಳುಗುಗಾರನಿಗೆ ಅವೆರಡೂ ಒಂದೇ. ಅವನು ಕೈಯಲ್ಲೊಂದು ರಾಟೆ ಹಿಡಿದು, ಬಯಲು ನೀರಿನಲ್ಲಿ ಮೊದಲ ಗಂಟು ಹಾಕಿ, ದಾರ ಬಿಚ್ಚುತ್ತ ಒಳಹೊಗುತ್ತಾನೆ. ತಿರುವು ಬಂದಲ್ಲಿ ಕಲ್ಲಿಗೆ ಸುತ್ತುತ್ತಾನೆ. ಹೊರದಾರಿ ಯಾವ ಕಡೆಗೆ ಎಂಬುದನ್ನು ತೋರಿಸಲು ದಾರಕ್ಕೆ ಬಾಣದ ಗುರುತು ಸಿಕ್ಕಿಸುತ್ತಾನೆ. ಕತ್ತಲಲ್ಲಿ ಬೆರಳಿಗೆ ತಿಳಿಯುವಂತೆ ಆ ಗುರುತು ಮೊನಚಾಗಿರುತ್ತದೆ.

ಬೆರಳಿಗೆ ತಿಳಿಯುವಂತೆ ಏಕೆ? ಎರೆಹೊಲದ ಮಧ್ಯದ ಹೊಂಡದಲ್ಲಿ ಎಮ್ಮೆ ಇಳಿದದ್ದನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಎರಡು ಹೆಜ್ಜೆಗೆ ತಿಳಿನೀರು ಕಾಡಿಗೆಯಾಗುತ್ತದೆ. ಗುಹೆಯ ತಳದ ನಯವಾದ ಹೂಳೂ ಹಾಗೆಯೇ. ಕಾಲಿನ ಒಂದು ಒರಟು ಒದೆತಕ್ಕೆ ಅದೆದ್ದು, ಪ್ರಖರವಾದ ಟಾರ್ಚಿನ ಬೆಳಕನ್ನೂ ನುಂಗಿಬಿಡುತ್ತದೆ. ಆಗ ಕಣ್ಣು ಇದ್ದೂ ಇಲ್ಲ. ದಾರವೊಂದೇ ದಾರಿ.

ಆದುದರಿಂದಲೇ ಗುಹೆಯ ಶಿಕ್ಷಣದಲ್ಲಿ ಕಣ್ಣು ಕಟ್ಟಿ ಕಲಿಸುತ್ತಾರೆ. ಮೊದಲು ನೆಲದ ಮೇಲೆ ಮರದಿಂದ ಮರಕ್ಕೆ ದಾರ ಕಟ್ಟಿ, ಶಿಷ್ಯರು ಕಣ್ಣು ಮುಚ್ಚಿ ಅದನ್ನು ಬೆರಳಿನ ಉಂಗುರದೊಳಗೆ ಹಿಡಿದು ನಡೆಯಬೇಕು. ಅನಂತರ ನೀರಿನಲ್ಲಿ ಅದೇ ಪಾಠ. ದಾರ ಕೈತಪ್ಪಿದರೆ ಹುಡುಕುವ ಪಾಠ. ಒಬ್ಬನ ಉಸಿರಿನ ನಳಿಕೆಯಿಂದ ಇಬ್ಬರು ಉಸಿರಾಡುತ್ತ, ಕತ್ತಲಲ್ಲಿ, ಒಬ್ಬರ ತೋಳನ್ನೊಬ್ಬರು ಹಿಡಿದು ಹೊರಬರುವ ಪಾಠ. ಹೂಳೇಳದಂತೆ ಕಪ್ಪೆಯ ಹಾಗೆ ಕಾಲಾಡಿಸುವ ಪಾಠ. ಬಯಲು ನೀರಿನ ತರಬೇತಿ ಮುಗಿದು, ಹಲವು ಮುಳುಗುಗಳ ಅನುಭವವಾದ ಮೇಲೆ, ಮೊದಲು ಹಗಲಿನ ಬೆಳಕು ಕಾಣುವಷ್ಟು ದೂರ, ಆಮೇಲೆ ಸ್ವಲ್ಪ ಒಳಗೆ, ಕೊನೆಗೆ ಪೂರ್ಣ ಗುಹೆ ಎಂಬ ಮೆಟ್ಟಿಲುಗಳಿವೆ. ಬಯಲು ಕಡಲಿನಲ್ಲಿ ನೂರಾರು ಜನರಿಗೆ ಕಲಿಸಿದ ಗುರುಗಳೂ ಈ ಮೆಟ್ಟಿಲುಗಳನ್ನು ಹಾರಿ ಗುಹೆ ಹೊಕ್ಕು ಪ್ರಾಣ ತೆತ್ತಿದ್ದಾರೆ. ಫ್ಲಾರಿಡದ ಗುಹೆಗಳ ಬಾಯಲ್ಲಿ, ನೀರಿನೊಳಗೇ, ಯಮನ ಚಿತ್ರವಿರುವ ಎಚ್ಚರಿಕೆಯ ಫಲಕಗಳನ್ನು ನಿಲ್ಲಿಸಿರುವುದು ಇವರಿಗಾಗಿಯೇ.

ವೈಶಂಪಾಯನ ಸರೋವರ

ರಬಕವಿಯಿಂದ ಮಹಾಲಿಂಗಪುರದ ಮೇಲೆ ದಕ್ಷಿಣಕ್ಕೆ ಇಳಿದರೆ ಮುಧೋಳ. ಘಟಪ್ರಭೆಯ ಊರು, ಸಪೂರ ಮೈಯ ಬೇಟೆನಾಯಿಗಳ ಊರು. ಎಲ್ಲಕ್ಕೂ ಮಿಗಿಲಾಗಿ ರನ್ನನ ಊರು. 949ರಲ್ಲಿ ಹುಟ್ಟಿದ ಈ ಬಳೆಗಾರರ ಮಗ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಅವನ ‘ಗದಾಯುದ್ಧ’ವನ್ನು ಓದಿದವರಿಗೆ ಒಂದು ವಿಷಯ ಹೊಳೆಯದಿರದು. ಕನ್ನಡ ಕಾವ್ಯದಲ್ಲಿ ನೀರಿನ ತಳದಲ್ಲಿ ಅಡಗಿ ಕುಳಿತ ಮಹಾಪುರುಷನನ್ನು ಮರೆಯಲಾಗದಂತೆ ಚಿತ್ರಿಸಿದವನು ಈ ಮುಧೋಳದ ಕವಿಯೇ.

ಸೈನ್ಯವಳಿದು, ತಮ್ಮಂದಿರಳಿದು, ಒಬ್ಬಂಟಿಯಾದ ದುರ್ಯೋಧನ ಭೀಷ್ಮನ ಮಾತಿನಂತೆ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತಿದ್ದಾನೆ. ಅವನಿಗೆ ಬೇಕಾದುದು ಕಾಲ. ಮರುದಿನದವರೆಗೆ ಅಲುಗದೆ ಕುಳಿತರೆ ಗೆದ್ದ ಹಾಗೆ. ಮಂತ್ರವುಂಟು, ಮರೆಯುಂಟು. ಆದರೆ ದಂಡೆಯಿಂದ ಭೀಮನ ಗರ್ಜನೆ ಕೇಳಿಬಂದಾಗ ಛಲದಂಕಮಲ್ಲನ ಒಡಲು ತಾಳುವುದಿಲ್ಲ. ಕೋಪ ಉಕ್ಕಿ ಮೇಲೇಳುತ್ತಾನೆ. ಕಾವ್ಯದಲ್ಲಿ ಅದು ವೀರನ ಮಹತ್ವ. ಮುಳುಗುವ ವಿದ್ಯೆಯ ಕಣ್ಣಿನಿಂದ ನೋಡಿದರೆ, ನೀರಿನಡಿಯಲ್ಲಿ ಮನಸ್ಸಿನ ಹತೋಟಿ ತಪ್ಪಿದವನನ್ನು ಮಂತ್ರವೂ ಕಾಯದು.

ಇಂದಿನ ಸ್ಕೂಬಾ ಗುರುಗಳು ಶಿಷ್ಯನಿಗೆ ಮೊದಲು ಹೇಳಿಕೊಡುವುದೂ ಇದನ್ನೇ. ತೊಂದರೆ ಬಂದಾಗ ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈಯಾಡಿಸು. ಉಸಿರನ್ನು ಎಂದೂ ಕಟ್ಟಬೇಡ. ಆಳದಲ್ಲಿ ಎಳೆದ ಉಸಿರನ್ನು ಕಟ್ಟಿಕೊಂಡು ಮೇಲೇರಿದರೆ, ಒತ್ತಡ ಇಳಿದಂತೆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಗಾಬರಿಯಿಂದ ಬಾಣದಂತೆ ಮೇಲೇರಬೇಡ. ಮಿನಿಟಿಗೆ 9 ಮೀಟರಿಗಿಂತ ಹೆಚ್ಚು ವೇಗ ಸಲ್ಲದು. ಬೇಗ ಏರಿದವನ ರಕ್ತದಲ್ಲಿ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಸಾರಜನಕದ ಗುಳ್ಳೆಗಳೇಳುತ್ತವೆ; ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅದರ ಫಲ. ಈ ಮಾತುಗಳು ಕೇಳುವುದಕ್ಕೆ ಸುಲಭ. ಮೂಗಿನವರೆಗೆ ನೀರು ಬಂದಾಗ ನೆನಪಾಗಬೇಕಾದರೆ ಮೈಗೆ ನೂರು ಸಲ ಅಭ್ಯಾಸವಾಗಿರಬೇಕು.

ಬೀಳಗಿಯ ಬಾವಿ, ಕೆಟ್ಟ ಗಾಳಿ

ಮುಧೋಳದಿಂದ ಪೂರ್ವಕ್ಕೆ ಬೀಳಗಿ. ಇಲ್ಲಿನ ಅರೆತ್ತಿನ ಬಾವಿ ಹಳಬರ ಕೈಗೆಲಸಕ್ಕೆ ಸಾಕ್ಷಿ. ನೀರಿಗೆ ಇಳಿಯುವವನ ಕಾಲಿಗೆ ಮೆಟ್ಟಿಲು ಬೇಕೆಂದು, ಏರುವ ದಾರಿ ಕಾಣುತ್ತಿರಬೇಕೆಂದು ತಿಳಿದವರು ಕಟ್ಟಿದ್ದು. ಈ ಸೀಮೆಯ ಬಾವಿಗಳು ಈಗ ಎರಡು ಗತಿ ಕಾಣುತ್ತಿವೆ. ಕೆಲವು ಇನ್ನೂ ತೋಟಕ್ಕೆ ನೀರುಣಿಸುತ್ತಿವೆ. ಹಲವು, ಕೊಳವೆಬಾವಿ ಬಂದ ಮೇಲೆ, ಮುಳ್ಳು ಮುಚ್ಚಿ ಮರೆತುಹೋಗಿವೆ. ಮರೆತ ಬಾವಿಯೇ ಹೆಚ್ಚು ಅಪಾಯದ್ದು.

1946ರ ಆಗಸ್ಟಿನಲ್ಲಿ ಫ್ರಾನ್ಸಿನ ವೊಕ್ಲೂಸ್ ಎಂಬ ಆಳವಾದ ಬುಗ್ಗೆಯೊಳಕ್ಕೆ ಜಾಕ್ ಕುಸ್ಟೋ ಮತ್ತು ಫ್ರೆಡೆರಿಕ್ ಡ್ಯೂಮಾ ಇಳಿದರು. ಬೆನ್ನಿಗೆ ಕಟ್ಟಿಕೊಂಡು ಮುಳುಗುವ ಗಾಳಿಯ ಉಪಕರಣವನ್ನು 1943ರಲ್ಲಿ ಎಮಿಲ್ ಗಾನ್ಯಾನ್ ಜೊತೆಗೂಡಿ ರೂಪಿಸಿದವನೇ ಈ ಕುಸ್ಟೋ. ಆಳದಲ್ಲಿ ಇಬ್ಬರಿಗೂ ತಲೆ ಕೆಟ್ಟಿತು. ಡ್ಯೂಮಾನ ಬಾಯಿಂದ ಉಸಿರಿನ ನಳಿಕೆಯೇ ಜಾರಿತು. ಮೇಲಿನಿಂದ ಇಳಿಬಿಟ್ಟಿದ್ದ ಹಗ್ಗವನ್ನು ಹಿಡಿದು, ಮೇಲಿದ್ದವರು ಎಳೆದುಕೊಂಡದ್ದರಿಂದ ಇಬ್ಬರೂ ಬದುಕಿ ಬಂದರು. ಆಮೇಲೆ ಪರೀಕ್ಷಿಸಿದಾಗ ಕಾರಣ ತಿಳಿಯಿತು. ಗಾಳಿ ತುಂಬುವ ಯಂತ್ರ ತನ್ನದೇ ಎಂಜಿನ್ನಿನ ಹೊಗೆಯನ್ನು ಹೀರಿ ಸಿಲಿಂಡರಿಗೆ ತುಂಬಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು.

ಬಾವಿಯ ನಾಡಿಗೆ ಈ ಕಥೆ ದೂರದ್ದಲ್ಲ. ನೀರು ಕೆಳಗಿಳಿಯಿತೆಂದು ಡೀಸೆಲ್ ಪಂಪಸೆಟ್ಟನ್ನು ಬಾವಿಯೊಳಗೆ ಇಳಿಸಿ ನಡೆಸಿದರೆ, ಅದೇ ವಿಷಗಾಳಿ ಬಾವಿಯನ್ನು ತುಂಬುತ್ತದೆ. ಪಂಪು ನೋಡಲೆಂದು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಬಹುಕಾಲ ಮುಚ್ಚಿದ್ದ ಬಾವಿಯ ತಳದಲ್ಲಿ ಆಮ್ಲಜನಕವೇ ತೀರಿರಬಹುದು. ಹಿರಿಯರು ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದೆಂಬುದು ಸರಿಯಾದ ಮಾತೇ. ಆದರೆ ದೀಪ ಉರಿಯಿತೆಂದು ಇಳಿಯಬಹುದೆಂಬುದು ಸರಿಯಲ್ಲ. ಎಂಜಿನ್ನಿನ ವಿಷಗಾಳಿಯಲ್ಲಿಯೂ ದೀಪ ಉರಿಯುತ್ತಲೇ ಇರುತ್ತದೆ. ಗಾಳಿಯನ್ನಳೆಯುವ ಯಂತ್ರ, ಹೊಸ ಗಾಳಿ ಊದುವ ಏರ್ಪಾಡು, ಸೊಂಟಕ್ಕೆ ಹಗ್ಗ, ಮೇಲೆ ಎಳೆಯುವ ಗಟ್ಟಿ ಕೈಗಳು — ಇವು ನಾಲ್ಕೂ ಇಲ್ಲದೆ ಹಳೆಯ ಬಾವಿಗೆ ಯಾರೂ ಇಳಿಯತಕ್ಕದ್ದಲ್ಲ.

ಹಿನ್ನೀರಿನ ದಂಡೆ

ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹರಡಿದಾಗ ಇಲ್ಲಿ ಹೊಳೆ ಯಾವುದು, ಹೊಲ ಯಾವುದು ಎಂದು ಹೇಳುವಂತಿಲ್ಲ. ನೀರಿನ ಕೆಳಗೆ ಹಳೆಯ ಹೊಲದ ಒಡ್ಡುಗಳಿವೆ, ಬಾವಿಗಳಿವೆ. ಮೇಲಿನಿಂದ ನೋಡುವವನಿಗೆ ಎಲ್ಲವೂ ಒಂದೇ ಸಮನಾದ ಕನ್ನಡಿ.

ಇದೇ ಕೃಷ್ಣೆ ಒಂದು ಕಾಲಕ್ಕೆ ಬೇಸಿಗೆಯಲ್ಲಿ ಬತ್ತಿ ಬಿಳಿಯ ಮರಳಾಗುತ್ತಿತ್ತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಮ್ಮದೇ ಹಣದಿಂದ, ತಮ್ಮದೇ ಮೈಬೆವರಿನಿಂದ ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿದರು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ತಕ್ಕುದೇ ಆಯಿತು. ಹಿಪ್ಪರಗಿಯಲ್ಲಿಯೂ ಬ್ಯಾರೇಜು ಬಂದಿತು. ಹೊಲಗಳು ಹಸುರಾದವು. ಆದರೆ ನೀರು ನಿಂತ ನಾಡಿನಲ್ಲಿ ಮಕ್ಕಳನ್ನು ಸಾಕುವ ರೀತಿಯೂ ಬದಲಾಗಬೇಕು. ಅಜ್ಜ ಮೊಣಕಾಲುದ್ದ ನೀರಿನಲ್ಲಿ ದಾಟಿದ ಕಡವಿನಲ್ಲಿ ಮೊಮ್ಮಗನಿಗೆ ಇಂದು ಎರಡಾಳು ನೀರು. ಹೊಳೆಯಲ್ಲಿ ಮೊಸಳೆಗಳೂ ಉಂಟು. 2019ರ ಆಗಸ್ಟಿನಂಥ ಮಹಾಪೂರ ಬಂದರೆ ದಂಡೆಯೇ ಊರೊಳಕ್ಕೆ ಬರುತ್ತದೆ.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಸಿಲಿಂಡರು ಕಟ್ಟಿಕೊಂಡು ಗುಹೆ ಹೊಕ್ಕವರು ಬೆರಳೆಣಿಕೆಯವರು. ಮಿಕ್ಕವರು ಬಾವಿ, ಕೆರೆ, ಕಾಲುವೆ, ಹೊಳೆಗಳಲ್ಲಿ ಹೋದವರು, ಹಲವರು ಮಕ್ಕಳು. ಒಂದು ಮಗು ಜಾರಿದಾಗ ಎತ್ತಲು ಹಾರಿದ ತಾಯಿಯೋ ಅಣ್ಣನೋ ಜೊತೆಯಲ್ಲಿಯೇ ಹೋಗುವ ಸುದ್ದಿ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆಯಲ್ಲಿಯೂ ಬರುತ್ತದೆ. ಈಜು ಬಲ್ಲವನೂ, ಮುಳುಗುವವನ ಅಪ್ಪುಗೆಗೆ ಸಿಕ್ಕಿದರೆ ಬಿಡಿಸಿಕೊಳ್ಳಲಾರ. ಕೋಲು ಚಾಚಬೇಕು, ಹಗ್ಗ ಎಸೆಯಬೇಕು, ಏನೂ ಇಲ್ಲದಿದ್ದರೆ ತಲೆಯ ರುಮಾಲನ್ನಾದರೂ ಬಿಚ್ಚಿ, ದಂಡೆಯ ಮೇಲೆ ಮಲಗಿ ಎಸೆಯಬೇಕು. ನೀರಿಗೆ ಹಾರುವುದು ಕಟ್ಟಕಡೆಯ ಮಾತು.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಮಂದಿ ಬಾಲಕರೂ ಅವರ ತರಬೇತುದಾರನೂ ಪ್ರವಾಹಕ್ಕೆ ಸಿಕ್ಕಿಕೊಂಡಾಗ ಲೋಕವೆಲ್ಲ ಉಸಿರು ಬಿಗಿಹಿಡಿದು ನೋಡಿತು. ಕೃಷ್ಣೆಯ ಮೇಲ್ಹರಿವಿನ ಸೀಮೆಯಲ್ಲಿರುವ ಕಿರ್ಲೋಸ್ಕರವಾಡಿಯ ಪಂಪು ಕಾರ್ಖಾನೆಯ ತಜ್ಞರೂ ಗುಹೆಯ ನೀರೆತ್ತುವ ಕೆಲಸಕ್ಕೆ ನೆರವಾದರು. ಜುಲೈ 8ರಿಂದ 10ರವರೆಗೆ ಗುಹೆಯ ಮುಳುಗುಗಾರರು 13 ಮಂದಿಯನ್ನೂ ಜೀವಂತವಾಗಿ ಹೊರತಂದರು. ಆದರೆ ಅದಕ್ಕೆ ಮುಂಚೆ, ಜುಲೈ 6ರಂದು, ಒಳಗೆ ಗಾಳಿಯ ಸಿಲಿಂಡರುಗಳನ್ನಿಟ್ಟು ಮರಳುತ್ತಿದ್ದ ಸಮಾನ್ ಕುನಾನ್ ಎಂಬ ಮಾಜಿ ನೌಕಾಯೋಧ ದಾರಿಯಲ್ಲಿಯೇ ಪ್ರಾಣ ಬಿಟ್ಟ. ರಕ್ಷಿಸಹೋದವನ ಲೆಕ್ಕವನ್ನೂ ನೀರು ಬೇರೆಯಾಗಿ ಬರೆಯುವುದಿಲ್ಲ.

ನೇತ್ರಾಣಿಗೆ ಹೊರಟವರಿಗೆ

ಈಗ ಸ್ಕೂಬಾ ಎಂಬುದು ನಗರದ ಕುಟುಂಬಗಳ ರಜೆಯ ಮಾತಾಗಿದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿಬರುವವರು ಬಹಳ. ಮೊದಲ ಸಲದವರನ್ನು ಗುರುವಿನ ಕೈಹಿಡಿತದಲ್ಲಿ, 12 ಮೀಟರು ಮೀರದಂತೆ ಇಳಿಸುವುದು ರೂಢಿ. ಮಕ್ಕಳೊಡನೆ ಹೊರಡುವ ತಂದೆತಾಯಿಗಳು ಕೇಳಬೇಕಾದ ಮಾತುಗಳು ಕೆಲವಿವೆ. ಗುರುವಿಗೆ ಮಾನ್ಯತೆಯ ಪತ್ರವಿದೆಯೆ? ಒಬ್ಬ ಗುರುವಿಗೆ ಎಷ್ಟು ಮಂದಿ ಶಿಷ್ಯರು? ದೋಣಿಯಲ್ಲಿ ಆಮ್ಲಜನಕ ಇದೆಯೆ? ಉಬ್ಬಸ, ಕಿವಿನೋವು, ಹೃದಯದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ನೆಗಡಿಯಿದ್ದ ದಿನ ಬೇಡ. ಕಿವಿಯೊಳಗಿನ ಒತ್ತಡ ಸರಿಹೊಂದದೆ ತಮಟೆ ಹರಿದೀತು. ಮುಳುಗಿದ ಮೇಲೆ 18 ಗಂಟೆಯಾದರೂ ಕಳೆಯದೆ ವಿಮಾನವೇರಬಾರದು.

ಮುಂದೆ ಎಂದಾದರೂ ಅವರ ಮಕ್ಕಳಲ್ಲೊಬ್ಬರು ಹವಾಯಿಯಲ್ಲೋ ಲಾಂಜರೋಟೆಯಲ್ಲೋ ಲಾವಾ ಸುರಂಗದ ಬಾಯಿಯ ಮುಂದೆ ನಿಂತಾರು. ಜೊತೆಯವರು, “ಸ್ವಲ್ಪವೇ ದೂರ, ಬಾ” ಎಂದಾರು. ಆಗ “ನಾನು ಇದನ್ನು ಕಲಿತಿಲ್ಲ, ಬರುವುದಿಲ್ಲ” ಎನ್ನುವ ಬಾಯಿ ಬೇಕು. ಗುಹೆಯ ಮುಳುಗುಗಾರರಲ್ಲಿ ಒಂದು ಸೊಗಸಾದ ಕಟ್ಟಳೆಯುಂಟು: ತಂಡದ ಯಾರೇ ಆಗಲಿ, ಯಾವ ಗಳಿಗೆಯಲ್ಲಿಯೇ ಆಗಲಿ, ಯಾವ ಕಾರಣವನ್ನೂ ಹೇಳದೆ ಹಿಂದಿರುಗೋಣವೆಂದು ಕೈಸನ್ನೆ ಮಾಡಬಹುದು. ಉಳಿದವರು ತುಟಿಪಿಟಕ್ಕೆನ್ನದೆ ಹಿಂದಿರುಗಬೇಕು. ಹೊರಬಂದ ಮೇಲೂ ಅವನನ್ನು ಹಳಿಯಬಾರದು.

ಸಂಜೆಯ ಹೊತ್ತಿಗೆ ಜಮಖಂಡಿಯ ಆ ತೋಟದ ಬಾವಿಯಲ್ಲಿ ನೀರು ತಣ್ಣಗೆ ಕಪ್ಪಾಗುತ್ತದೆ. ಹುಡುಗನ ತುಟಿ ನೀಲಿಗಟ್ಟಿ, ಹಲ್ಲು ಕಟಕಟಿಸುತ್ತವೆ. ಆದರೂ ಅವನಿಗೆ ಇನ್ನೊಂದು ಜಿಗಿತದ ಆಸೆ. ಅದೂ ಈ ಸಲ ಬೆಂಡೂ ಬೇಡ, ಹಗ್ಗವೂ ಬೇಡವೆಂಬ ಹಟ.

“ಇವತ್ತಿಗೆ ಸಾಕೋ ತಮ್ಮಾ. ನಾಳೆ ಬೆಂಡು ಬಿಚ್ಚೂಣು.”

“ಮತ್ತ ಹಗ್ಗ, ಯಜ್ಜಾ?”

“ಹಗ್ಗ ಇರ್ಲಿ. ಅದು ನಿನಗಲ್ಲ, ನನಗ.”

ಮುದುಕ ತೊಯ್ದ ಹಗ್ಗವನ್ನು ಹಿಂಡಿ, ಸುರುಳಿ ಸುತ್ತಿ, ಎಳೆ ಎಲ್ಲಿಯಾದರೂ ಸವೆದಿದೆಯೇ ಎಂದು ಬೆರಳಿನಿಂದ ಒಂದೊಂದೇ ಗೇಣು ತಡವಿ ನೋಡುತ್ತಾನೆ. ಅನಂತರ ಅದನ್ನು ಬೇವಿನ ಮರದ ಟೊಂಗೆಗೆ, ಹುಡುಗನ ಕೈಗೆಟುಕದ ಎತ್ತರದಲ್ಲಿ, ಒಣಗಲು ಹಾಕುತ್ತಾನೆ.